ಕರೆಂಟ್ ಕೊಡಿಸಿಕೊಂಡ ರತ್ನಕ್ಕ

ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಬೇಸಿಗೆಯಲ್ಲೂ ಒಲೆಯ ಮುಂದೆ ಕೈ ಕಾಯಿಸಿಕೊಳ್ಳುತ್ತಿದ್ದವಳು ರತ್ನಕ್ಕ ಒಬ್ಬಳೇ. ತಣ್ಣೀರು ಸೋಕಿದರೆ ಸಾಕು, ಅವಳ ಬೆರಳುಗಳು ಸುಣ್ಣದಂತೆ ಬಿಳಿಚಿ, ಆಮೇಲೆ ನೀಲಿಗಟ್ಟುತ್ತಿದ್ದವು. ಮುಖದ ಚರ್ಮ ಬಿಗಿದು ತುಟಿ ಸಣ್ಣದಾಗಿತ್ತು. ನಕ್ಕರೂ ನಕ್ಕಳೆಂದು ಗೊತ್ತಾಗುತ್ತಿರಲಿಲ್ಲ. ಮೈಯ ಚರ್ಮವೆಲ್ಲ ಗಟ್ಟಿಯಾಗುತ್ತಾ ಹೋಗುವ ಆ ಕಾಯಿಲೆ ಅಂಟುವಂಥದ್ದಲ್ಲ. ಆದರೂ ಅವಳು ಕೊಟ್ಟ ಕಾಫಿಯನ್ನು ಬೀದಿಯ ಹೆಂಗಸರು ಏನಾದರೊಂದು ನೆಪ ಹೇಳಿ ಬೇಡವೆನ್ನುತ್ತಿದ್ದರು. "ಬುಡಿ, ನಂಗೇ ಎಲ್ಡು ಲೋಟ ಆಯ್ತದೆ" ಎಂದು ಅವಳೇ ಕುಡಿಯುತ್ತಿದ್ದಳು. ಮದುವೆಯಾಗಿರಲಿಲ್ಲ. ಅಪ್ಪ ಬಿಟ್ಟುಹೋದ ರೇಷ್ಮೆ ಮಗ್ಗವೇ ಅವಳ ಸಂಸಾರ.

ಎದೆಯಲ್ಲಿ ಗಂಟು ಕಾಣಿಸಿದಾಗ ಪಕ್ಕದ ಮನೆಯ ನಾನೇ ಮೈಸೂರಿಗೆ ಜೊತೆಯಾದೆ. ಆಪರೇಷನ್ ಆಯಿತು. ಕ್ಯಾನ್ಸರ್ ಕಂಕುಳಿಗೂ ಹಬ್ಬಿದ್ದರಿಂದ ಕರೆಂಟ್, ಅಂದರೆ ರೇಡಿಯೇಷನ್, ಕೊಡಬೇಕೆಂದರು. ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. ಇಂಥ ಚರ್ಮದ ಕಾಯಿಲೆಯವರಿಗೆ ಅದರಿಂದ ಉಳಿದವರಿಗಿಂತ ಹೆಚ್ಚು ತೊಂದರೆಯಾಗಬಹುದು, ಚರ್ಮ ಇನ್ನೂ ಬಿಗಿಯಬಹುದು, ಶ್ವಾಸಕೋಶಕ್ಕೂ ಪೆಟ್ಟಾಗಬಹುದು. ಬೇಡವೆಂದರೆ ಗಂಟು ಮರಳುವ ಭಯ.

"ಮಗ್ಗದಲ್ ಕೂತ್ಕಳಕಾಯ್ತದಾ ಸಾ?" ಎಂದಳು ರತ್ನಕ್ಕ.

ಖಾತ್ರಿ ಹೇಳಲಾರೆ ಎಂದರು. ಅವಳು ಬೆರಳುಗಳನ್ನೇ ನೋಡುತ್ತಾ ಕೂತಿದ್ದು, "ಬದುಕಿದ್ರೆ ತಾನೆ ಮಗ್ಗ. ಕೊಡಿ" ಎಂದಳು.

ಕರೆಂಟ್ ಮುಗಿಯುವವರೆಗೂ ಎಲ್ಲರಿಗೂ ಆಗುವಂತೆ ಚರ್ಮ ಕಪ್ಪಾಯಿತು, ಅಷ್ಟೆ. ಗೆದ್ದೆವೆಂದುಕೊಂಡು ಊರಿಗೆ ಬಂದೆವು. ಕೆಲವು ತಿಂಗಳಲ್ಲಿ ಆ ಕಡೆಯ ಎದೆ ಹಲಗೆಯಂತಾಯಿತು. ಭುಜ ಸೆಳೆದುಕೊಂಡಿತು. ಮಗ್ಗಕ್ಕೆ ಕೂತರೆ ಲಾಳಿಯ ಹಗ್ಗ ಎಳೆಯಲು ತೋಳು ಏಳಲಿಲ್ಲ. ನಾಲ್ಕು ಹೆಜ್ಜೆಗೆ ಏದುಸಿರು. ಸಿಟ್ಟು ಬರುವುದಿಲ್ಲವೇ ಎಂದು ಕೇಳಿದ್ದೆ. "ಯಾರ್ ಮೇಲವ್ವ? ಅವ್ರು ಯೋಳೇ ಕೊಟ್ರು, ನಾ ಕೇಳೇ ತಕಂಡೆ" ಎಂದಳು. ಮಗ್ಗ ಬಿಚ್ಚಿಸಿ ಬೇರೆಯವರಿಗೆ ಕೊಟ್ಟು, ಹನೂರಿನಲ್ಲಿದ್ದ ತಮ್ಮನ ಮನೆ ಸೇರಿದಳು.

ಗಂಟು ಮತ್ತೆ ಬರಲಿಲ್ಲ. ಮುಂದಿನ ಚಳಿಗಾಲ ಅವಳು ತೀರಿಕೊಂಡದ್ದು ಉಸಿರು ಸಾಲದೆ.

ಅದಕ್ಕೂ ಮುಂಚೆ ಒಮ್ಮೆ ಹನೂರಿಗೆ ಹೋಗಿದ್ದೆ. ಹಿಂದಿನ ಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದಳು. ತಮ್ಮನ ಹೆಂಡತಿ ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ ಎಲ್ಲ ತಂದಿಡುತ್ತಿದ್ದಳು. ಬಾಗಿಲಲ್ಲೇ ಇಟ್ಟು ಹೋಗುತ್ತಿದ್ದಳು. ರತ್ನಕ್ಕನ ಕೂದಲು ಗಂಟುಗಂಟಾಗಿತ್ತು. ಒಂದು ತೋಳು ಏಳದು, ಇನ್ನೊಂದು ಕೈಯ ಬೆರಳು ಮಡಿಸಲಾಗದು. ನಾನು ಕೇಳದೆಯೇ ಹಿಂದೆ ಕೂತು ಬಾಚತೊಡಗಿದೆ. ಅವಳ ಕತ್ತಿಗೆ ಕೈ ತಾಗಿದಾಗ ಒಮ್ಮೆ ಬೆಚ್ಚಿ, ಆಮೇಲೆ ಸುಮ್ಮನಾದಳು. ಅರ್ಧ ಬಾಚುವಷ್ಟರಲ್ಲಿ ಕೊಳ್ಳೇಗಾಲದ ಬಸ್ಸಿನ ಹೊತ್ತಾಯಿತೆಂದು ನನ್ನ ಕೈ ಚುರುಕಾಯಿತು.

"ನಿಧಾನಕ್ಕೆ ಬಾಚವ್ವ" ಎಂದಳು. "ಇನ್ನೊಂದ್ ಬಸ್ಸು ಅದೆ."

ಸಿಕ್ಕೆಲ್ಲ ಬಿಟ್ಟ ಮೇಲೂ ನಾನು ಬಾಚುತ್ತಲೇ ಇದ್ದೆ.