ಎಲ್ಲರದೂ ಮಾಂತೇಶನ ನಂಬರು

ಹುನಗುಂದದ ವಿಜಯಮಹಾಂತೇಶ ಬಾಯಿ ತೆರೆದರೆ ಮೊದಲು ಬರುವ ಮಾತು "ನಾ ಅದೇನಿ, ಕಾಳಜಿ ಬಿಡ್ರಿ" ಎಂಬುದೇ. ಆ ಮಾತಿನ ಮೇಲೆಯೇ ಆತ ವರ್ಷಗಟ್ಟಲೆ ಹೊಟ್ಟೆ ಹೊರೆದ. ಪುಣೆಯ ಒಂದು ಕಂಪನಿ ಅಂಗಡಿಯ ಲೆಕ್ಕಕ್ಕೆ, ಸೀರೆಯ ಡಿಸೈನಿಗೆ ಸಾಫ್ಟ್‌ವೇರ್ ಮಾಡುತ್ತಿತ್ತು. ಅದರ ಸೀಡಿ ಡಬ್ಬಿಗಳನ್ನು ಬೈಕಿಗೆ ಕಟ್ಟಿಕೊಂಡು ಮಾಂತೇಶ ಬಾದಾಮಿ, ಇಳಕಲ್ಲ, ಕುಳಗೇರಿ ಕ್ರಾಸ್ ಎಂದು ತಿರುಗುತ್ತಿದ್ದ. ಕೊಂಡವರಿಗೆ ಕಂಪನಿಯ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ. ಕಂಪ್ಯೂಟರ್ ಮೊಂಡುಬಿದ್ದರೆ ಫೋನು ಬರುತ್ತಿದ್ದದ್ದು ಮಾಂತೇಶನಿಗೇ. ಊಟದ ತಾಟು ಬಿಟ್ಟು ಏಳುವ ಗಂಡನನ್ನು ನೋಡಿ ಹೆಂಡತಿ ಪದ್ಮಶ್ರೀ, "ಕಂಪನಿ ಏನ್ ನಿಮ್ಮ ಮಾವಂದೇನು?" ಎಂದು ಚುಚ್ಚುತ್ತಿದ್ದಳು. ಆತನಿಗೆ ಒಳಗೊಳಗೇ ಖುಷಿಯೇ ಆಗುತ್ತಿತ್ತು.

ಇಳಕಲ್ಲಿನ ಮೆಹರುನ್ನಿಸಾಳ ಮನೆಗೆ ಹೋಗುವಾಗ ಮಾತ್ರ ಅದು ಧಂದೆ ಅನ್ನಿಸುತ್ತಿರಲಿಲ್ಲ. ಅವಳ ತಂದೆ ಖಾಸಿಂಸಾಬ ಸೀರೆಯ ದಡಿಗೆ, ಅಂದರೆ ಅಂಚಿಗೆ, ಚಿತ್ರ ಬರೆಯುವುದರಲ್ಲಿ ಎತ್ತಿದ ಕೈ. ಚೌಕಳಿ ಹಾಳೆಯ ಮೇಲೆ ಆತ ಬರೆದ ಗಿಳಿ, ತೇರು, ತೆನೆಗಳನ್ನು ನಂಬಿಯೇ ಓಣಿಯ ನೇಕಾರರು ಮಗ್ಗ ಹೂಡುತ್ತಿದ್ದರು. ಹಾಳೆಗಳಿಗೆ ಗೆದ್ದಲು ಹತ್ತಿದಾಗ ಮಗಳು ಒಂದೊಂದನ್ನೇ ಕಂಪ್ಯೂಟರಿನಲ್ಲಿ ಬಿಡಿಸಿ ಉಳಿಸಿದಳು. ಪ್ರತಿಯೊಂದರ ಕೆಳಗೂ 'ಖಾಸಿಂಸಾಬ, ಇಳಕಲ್ಲ' ಎಂದು ಹಾಕಿದಳು. ಮುದುಕ ಪಕ್ಕದಲ್ಲಿ ಕುಳಿತು, "ಗಿಳಿ ಕುತ್ತಿಗಿ ಉದ್ದ ಆತು, ಕೊಕ್ಕರೆ ಮಾಡ್ತಿಯೇನ?" ಎಂದು ಕಾಡುತ್ತಿದ್ದ. ಈಗ ಆತನಿಲ್ಲ. ಮದುವೆಯಾಗದ ಮಗಳು ಆ ಡಿಸೈನುಗಳನ್ನೇ ನೇಕಾರರಿಗೆ ಕೊಡುತ್ತ, ಹೊಸದನ್ನೂ ಬರೆಯುತ್ತ ತನ್ನ ಬದುಕು ತಾನು ನೋಡಿಕೊಂಡಿದ್ದಳು.

ಹೋದ ವರ್ಷ ಕಂಪನಿಯ ತಲೆ ತಿರುಗಿತು. ಡೀಲರುಗಳನ್ನೆಲ್ಲ ಬಾಗಲಕೋಟೆಯ ಹೋಟೆಲೊಂದಕ್ಕೆ ಕರೆಸಿ, ಆನಂದನೆಂಬ ಅಧಿಕಾರಿ ಇನ್ನು ಡಬ್ಬಿ ಮಾರುವುದು ಬಂದ್ ಎಂದ. ಗಿರಾಕಿ ಕಂಪನಿಯದೇ ಟ್ಯಾಬ್ ಕೊಳ್ಳಬೇಕು, ವರ್ಷ ವರ್ಷ ಬಾಡಿಗೆ ಕಟ್ಟಬೇಕು. ಫೈಲುಗಳೆಲ್ಲ ಕ್ಲೌಡಿನಲ್ಲಿ, ಅಂದರೆ ಎಲ್ಲೋ ದೂರದ ಕಂಪನಿಯ ಯಂತ್ರಗಳಲ್ಲಿ ಇರುತ್ತವೆ. ಹಳೆಯ ಕಂಪ್ಯೂಟರ್ ತಂದುಕೊಟ್ಟರೆ ರಿಯಾಯಿತಿ. ಮಧ್ಯಾಹ್ನಕ್ಕೆ ಹೋಳಿಗೆ ಊಟವಿತ್ತು. ಹೋಳಿಗೆ ಉಂಡವರಿಗೆ ಎದುರಾಡುವ ಬಾಯಿ ಎಲ್ಲಿಂದ ಬರಬೇಕು?

ಮಾಂತೇಶ ಮತ್ತೆ ಬೈಕ್ ಹತ್ತಿದ. ಟ್ಯಾಬಿಗೆ ಒಂದು ಮೊಬೈಲ್ ನಂಬರು ಕೊಡಬೇಕಿತ್ತು, ಆಗಾಗ ಅದಕ್ಕೆ ಒಟಿಪಿ ಎಂಬ ಗುಪ್ತ ಸಂಖ್ಯೆ ಬರುತ್ತಿತ್ತು. ಕುಳಗೇರಿ ಕ್ರಾಸಿನ ಟೈರ್ ಅಂಗಡಿಯವನು, "ನಿಂದ ಹಾಕಲೇ, ನಾ ಯಾಕ ತಲಿ ಕೆಡಿಸ್ಕೊಳ್ಳಲಿ" ಅಂದ. ಬಾದಾಮಿಯ ಔಷಧಿ ಅಂಗಡಿಯವರೂ ಹಾಗೇ ಅಂದರು. ನಮ್ಮ ಕಡೆ ಜನ ಮನುಷ್ಯನನ್ನು ನಂಬಿದರೆ ಮುಗಿಯಿತು, ಕೀಲಿಕೈ ಸಮೇತ ಕೊಟ್ಟುಬಿಡುತ್ತಾರೆ. ಮೆಹರುನ್ನಿಸಾ ಮಾತ್ರ, "ನನ್ನ ನಂಬರ್ ಹಾಕ್ಲೇನ?" ಎಂದು ಕೇಳಿದ್ದಳು.

"ಬ್ಯಾಡಕ್ಕ, ದಿನಾ ಕಿರಿಕಿರಿ. ನಂದ ಇರ್ಲಿ, ನಾ ಅದೇನಲ್ಲಾ," ಎಂದವನು ಈತನೇ. ಅವಳ ಡಿಸೈನುಗಳನ್ನೆಲ್ಲ ಕ್ಲೌಡಿಗೆ ಏರಿಸಿ, ಹಳೆಯ ಕಂಪ್ಯೂಟರನ್ನು ಹೊತ್ತು ತಂದು ಕಂಪನಿಗೆ ಒಪ್ಪಿಸಿದವನೂ ಈತನೇ.

ಯುಗಾದಿ ಕಳೆಯಿತು. ಇನ್ನು ನೇರವಾಗಿ ತಾನೇ ಮಾರುತ್ತೇನೆಂದು ಕಂಪನಿ ಡೀಲರುಗಳನ್ನು ಕೈಬಿಟ್ಟಿತು. ಒಂದೇ ನಂಬರಿನ ಮೇಲೆ ಇಷ್ಟೊಂದು ಗಿರಾಕಿಗಳು ಹೇಗೆ, ಇದೇನೋ ಮೋಸ ಎಂದು ಅದರ ಯಂತ್ರಕ್ಕೆ ಗುಮಾನಿ ಬಂದು, ಮಾಂತೇಶನ ನಂಬರಿನ ಅಷ್ಟೂ ಖಾತೆಗಳು ಒಂದೇ ಏಟಿಗೆ ಮುಚ್ಚಿದವು. ಅಂಗಡಿಯವರು ಬಾಯಿಗೆ ಬಂದಂತೆ ಬೈದು, ಬಿಲ್ಲುಗಳನ್ನು ಕೂಡಿಸಿ ಹೇಗೋ ಲೆಕ್ಕ ಹೊಂದಿಸಿಕೊಂಡರು. ಮೆಹರುನ್ನಿಸಾಳ ಹತ್ತಿರ ಕೂಡಿಸಲು ಏನೂ ಇರಲಿಲ್ಲ; ಹಾಳೆಗಳನ್ನು ಗೆದ್ದಲು ತಿಂದಿತ್ತು, ಹಳೆಯ ಕಂಪ್ಯೂಟರ್ ಕಂಪನಿಗೆ ಹೋಗಿತ್ತು.

ಅವಳಿಗೆ ಖರೆ ಹೇಳುವ ಧೈರ್ಯ ಮಾಂತೇಶನಿಗೆ ಬರಲಿಲ್ಲ. "ಸರ್ವರ್ ಕೆಟ್ಟೈತಿ ಅಕ್ಕ, ನಾಳಿಗೆ ಬರ್ತದ" ಎಂದ. ಮರುದಿನವೂ ಅದನ್ನೇ ಅಂದ. ಕಂಪನಿಗೆ ಫೋನು ಹಚ್ಚಿ ಹಚ್ಚಿ ಬೇಸತ್ತು, ಕೊನೆಗೆ ಆನಂದನನ್ನು ಹಿಡಿದ.

"ಈ ನಂಬರಿನ ಫೈಲುಗಳೆಲ್ಲ ನನ್ನವೇ, ನಾನೇ ಮಾಡಿದ್ದು ಅಂತ ಒಪ್ಪಿಗೆ ಕೊಡಿ ಸರ್. ಅವತ್ತೇ ತೆರೀತಾರೆ," ಎಂದ ಆನಂದ.

"ಅವು ನನ್ನವಲ್ಲಲ್ರಿ."

"ನಿಮಗೆ ಫೈಲ್ ಬೇಕೋ, ಬೇಡವೋ?"

ಪದ್ಮಶ್ರೀ ಪಕ್ಕದಲ್ಲೇ ಇದ್ದಳು. "ಮೊದಲ ಅಕ್ಕನ್ನ ಕೇಳ್ರಿ," ಎಂದಳು.

ಕೇಳಬೇಕೆಂದರೆ ಇಷ್ಟು ದಿನ ಹೇಳಿದ್ದು ಸುಳ್ಳೆಂದು ಒಪ್ಪಿಕೊಳ್ಳಬೇಕು. ಅದೊಂದು ತನ್ನಿಂದಾಗದು ಅನ್ನಿಸಿತು ಮಾಂತೇಶನಿಗೆ. ಮೊಬೈಲಿಗೆ ಬಂದ ಒಪ್ಪಿಗೆಯ ಗುಂಡಿ ಒತ್ತಿಬಿಟ್ಟ.

ಖಾತೆ ತೆರೆಯಿತು. ಆತ ಹಾರುತ್ತಲೇ ಇಳಕಲ್ಲಿಗೆ ಹೋದ. ಮೆಹರುನ್ನಿಸಾ ಟ್ಯಾಬ್ ತೆರೆದಳು. ಗಿಳಿ ಬಂತು, ತೇರು ಬಂತು, ತೆನೆಯ ಸಾಲು ಬಂತು. "ಯಾ ಅಲ್ಲಾ, ಎಲ್ಲಾ ಅದಾವ!" ಎಂದು ಅವಳು ಕಣ್ಣೊರೆಸಿಕೊಂಡಳು. ಎಷ್ಟೋ ದಿನಗಳ ಮೇಲೆ ಮಾಂತೇಶ ನಿರಾಳವಾಗಿ ಉಸಿರುಬಿಟ್ಟ.

ಅಷ್ಟರಲ್ಲಿ ಅವಳ ಬೆರಳು ಪರದೆಯ ಮೇಲೆ ನಿಂತಿತು. ಡಿಸೈನಿನ ಕೆಳಗೆ ತಂದೆಯ ಹೆಸರಿರಲಿಲ್ಲ, 'ವಿಜಯಮಹಾಂತೇಶ, ಹುನಗುಂದ' ಎಂದಿತ್ತು. ಮುಂದಿನದಕ್ಕೂ ಅದೇ. ಅವಳು ಅಳಿಸಿ ನೋಡಿದಳು, ಅಳಿಯಲಿಲ್ಲ. ಮಾಂತೇಶ ತಾನೂ ಒತ್ತಿ ನೋಡಿದ. ಒಪ್ಪಿಗೆ ಕೊಟ್ಟ ಮೇಲೆ ಮಾಲೀಕರ ಹೆಸರು ಬದಲಾಗುವುದಿಲ್ಲವೆಂದು ಟ್ಯಾಬ್ ಹೇಳಿತು.

"ಏನಂತ ಒಪ್ಪಿಗಿ ಕೊಟ್ಟಿ?" ಎಂದು ಅವಳು ಮೆಲ್ಲಗೆ ಕೇಳಿದಳು.

ಆತ ಹೇಳಿದ. ಈ ಸಲ ಸುಳ್ಳು ಹೇಳಲು ಜಾಗವೇ ಉಳಿದಿರಲಿಲ್ಲ. "ಇಲ್ದಿದ್ರ ಎಲ್ಲಾ ಹೋಗ್ತಿತ್ತಕ್ಕ," ಎಂದು ಸೇರಿಸಿದ.

"ಒಂದ ಮಾತ ಕೇಳ್ಬೇಕಿತ್ತು. ಹೋದ್ರ ಹೋಗ್ಲಿ ಅಂತ ನಾ ಅಂತಿದ್ನೋ ಏನೋ. ಅದನ್ನ ಹೇಳೂ ಹಕ್ಕ ನಂದಿತ್ತು." ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ಆತ ಕಾಲಿಗಾದರೂ ಬೀಳುತ್ತಿದ್ದ.

ಆ ಹೊತ್ತಿಗೆ ನೇಕಾರ ಅಮಾತೆಪ್ಪ ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಡಿಸೈನ್ ಇಲ್ಲದೆ ಆತನ ಮಗ್ಗ ಖಾಲಿ ನಿಂತಿತ್ತು. "ತೆರೀತೇನವಾ? ಗಿಳಿ ದಡಿ ಸಿಕ್ರ ಇವತ್ತ ಹೂಡ್ತೇನಿ," ಎಂದ.

"ಸಿಕ್ಕೈತಿ ಕಾಕಾ," ಎಂದಳು ಮೆಹರುನ್ನಿಸಾ. ಟ್ಯಾಬನ್ನು ಎತ್ತಿ ಮಾಂತೇಶನ ತೊಡೆಯ ಮೇಲಿಟ್ಟಳು. "ಆದ್ರ ಅದು ಈಗ ಇವರ್ದು. ಇವರನ್ನ ಕೇಳಿ ತಗೋ."

ಅಮಾತೆಪ್ಪನಿಗೆ ಒಳಗಿನ ಸಂಗತಿ ಏನೂ ಗೊತ್ತಿಲ್ಲ. ಖಾಸಿಂಸಾಬನ ಎದುರು ನಿಲ್ಲುತ್ತಿದ್ದ ಹಾಗೆಯೇ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದ. ಮಾಂತೇಶನ ಕಡೆ ತಿರುಗಿ, ತಲೆ ತುಸು ಬಾಗಿಸಿ ಕೇಳಿದ:

"ಗಿಳಿ ದಡಿ ನೇಯ್ಲೇನ್ರಿ, ಸಾಹೇಬ್ರ?"