ಬೀಗದಣ್ಣ
ವಿಜ್ಞಾನ ಪತ್ರಿಕೆಯ ಚಂದಾ ಗುಮಾಸ್ತರನ್ನು ಕಚೇರಿಯವರೆಲ್ಲ ಕರೆಯುತ್ತಿದ್ದುದು ಬೀಗದಣ್ಣ ಎಂದೇ. ಯಾರೇ ಫೋನ್ ಮಾಡಿ ಲೇಖನ ಕೇಳಲಿ, ಬೀಗದಣ್ಣ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದರು, ಆಮೇಲೆ ಕನ್ನಡಕ ಒರೆಸುತ್ತಿದ್ದರು, ಕೊನೆಗೆ "ಚಂದಾ ನಂಬರ್ ಹೇಳಿ" ಎನ್ನುತ್ತಿದ್ದರು; ನಂಬರಿಲ್ಲದವರಿಗೆ ಲೇಖನವಿಲ್ಲ. ಮೇಷ್ಟ್ರ ಕೆಲಸದಲ್ಲಿದ್ದ ಸ್ವಂತ ತಂಗಿಗೂ ಅದೇ ಉತ್ತರ ಕೊಟ್ಟಿದ್ದರಿಂದ ಅವಳು ವಾರಗಟ್ಟಲೆ ಮುಖ ಊದಿಸಿಕೊಂಡಿದ್ದಳು. ಆದರೆ ಇವತ್ತಿನಿಂದ ಪತ್ರಿಕೆಯನ್ನು, ಹಳೆಯ ಸಂಚಿಕೆಗಳ ಸಮೇತ, ಯಾರು ಬೇಕಾದರೂ ಅಂತರ್ಜಾಲದಲ್ಲಿ ಉಚಿತವಾಗಿ ಓದಬಹುದು. "ಇನ್ನು ನಿಮಗೇನ್ರೀ ಕೆಲಸ, ಬೀಗದಣ್ಣ?" ಎಂದು ಸಂಪಾದಕಿ ಛೇಡಿಸಿದರು. "ಬೇಕಾದಷ್ಟಿದೆ ಮೇಡಂ" ಎಂದು ಅವರು ಮೇಜಿನ ಖಾನೆಯಿಂದ ದಪ್ಪ ನೋಟ್‌ಪುಸ್ತಕ ತೆಗೆದರು. ಹನ್ನೊಂದು ವರ್ಷಗಳಲ್ಲಿ ತಾವು ಲೇಖನ ಕೊಡಲಾಗದು ಎಂದು ಹೇಳಿದವರ ಹೆಸರು, ಫೋನ್ ನಂಬರು, ಅವರು ಕೇಳಿದ್ದ ಲೇಖನ ಎಲ್ಲವೂ ಅದರಲ್ಲಿದ್ದವು. ಕೊನೆಯ ಪುಟದ ನಂಬರನ್ನೇ ಮೊದಲು ಒತ್ತಿದರು. "ತಾಯೀ, ಹೋದ ವಾರ ಮಗಳ ಕಾಯಿಲೆ ಬಗ್ಗೆ ಕೇಳಿದ್ರಲ್ಲ, ಆ ಲೇಖನ ಈಗ ನೀವೇ ಓದ್ಬಹುದು. ಪೆನ್ನಿದೆಯಾ? ವೆಬ್‌ಸೈಟ್ ವಿಳಾಸ ನಿಧಾನಕ್ಕೆ ಹೇಳ್ತೀನಿ, ಬರ್ಕೊಳ್ಳಿ."