ಬೂಷ್ಟು ಡಾಕ್ಟರಮ್ಮ ಮತ್ತು ಕುತ್ತಿಗೆಯ ನಳಿಕೆ

ಆಸ್ಪತ್ರೆಯಲ್ಲಿ ಆಕೆಗೆ ಬೂಷ್ಟು ಡಾಕ್ಟರಮ್ಮ ಎಂದೇ ಹೆಸರು. ರೋಗಿಯ ರಕ್ತದಲ್ಲಿ ಶಿಲೀಂಧ್ರ ಬೆಳೆದಾಗ ಉಳಿದ ವೈದ್ಯರು ಸಲಹೆ ಕೇಳುವುದು ಆಕೆಯನ್ನು. ಮನೆಯಲ್ಲಿ ಬ್ರೆಡ್ಡಿನ ಮೇಲೆ ಹಸಿರು ಕಂಡರೆ ಅತ್ತೆಯೂ ಕೂಗುತ್ತಾರೆ: "ನಿನ್ನ ನೆಂಟರು ಬಂದಿದ್ದಾರೆ ನೋಡಮ್ಮ!" ಆದರೆ ಬೂಷ್ಟೆಂದರೆ ಆಕೆಗೆ ಹೇಸಿಗೆಯಿಲ್ಲ, ಜಾಗ ಸಿಕ್ಕಲ್ಲಿ ಬೆಳೆಯುವುದು ಅದರ ಗುಣ. ಹೇಸಿಗೆಯೆಲ್ಲ ಅದಕ್ಕೆ ಜಾಗ ಕೊಡುವವರ ಮೇಲೆ.

ಹಿರಿಯ ಸರ್ಜನ್ನರ ವಾರ್ಡಿನಲ್ಲಿ ಒಂದು ರೂಢಿಯಿತ್ತು. ಅವರ ರೋಗಿಯನ್ನು ಬೇರೆಯವರು ಮುಟ್ಟಕೂಡದು. ಸಲಹೆ ಬೇಕಾದರೆ ಫೋನಿನಲ್ಲೇ ಔಷಧದ ಹೆಸರು ಕೇಳಿಕೊಳ್ಳುವುದು. ಅಂದು ಅವರ ಕಿರಿಯ ವೈದ್ಯ ಫೋನು ಮಾಡಿದ್ದು ಕರುಳಿನ ಆಪರೇಷನ್ ಆಗಿದ್ದ ಒಬ್ಬ ದರ್ಜಿ ಹೆಂಗಸಿನ ಬಗ್ಗೆ. ರಕ್ತದಲ್ಲಿ ಶಿಲೀಂಧ್ರವಿದೆಯೆಂದು ಲ್ಯಾಬಿನವರು ತಿಳಿಸಿ ದಿನಗಳೇ ಕಳೆದಿದ್ದವು. "ರಕ್ತ ತೆಗೆಯಲು ಸೂಜಿ ಚುಚ್ಚುವಾಗ ಚರ್ಮದಿಂದ ಸೇರಿರಬೇಕು" ಎಂದು ಸರ್ಜನ್ನರು ತಳ್ಳಿಹಾಕಿದ್ದರು. ಜ್ವರ ಮಾತ್ರ ಇಳಿದಿರಲಿಲ್ಲ.

"ಔಷಧಿ ಹೆಸರು ಹೇಳಿ ಸಾಕು ಮೇಡಂ, ನೀವು ಬರೋದೇನೂ ಬೇಡ."

"ಕುತ್ತಿಗೆ ಲೈನ್, ಆ ನಳಿಕೆ, ತೆಗೆದ್ರಾ?"

"ಅದು... ಸರ್ ತುಂಬಾ ಕಷ್ಟಪಟ್ಟು ಹಾಕಿದ್ದು."

"ಕಣ್ಣಿನ ಡಾಕ್ಟರಿಗೆ ತೋರಿಸಿದ್ರಾ?"

"ಜ್ವರಕ್ಕೆ ಕಣ್ಯಾಕೆ ಮೇಡಂ?"

ಡಾಕ್ಟರಮ್ಮ ಫೋನಿಟ್ಟು ಎದ್ದಳು.

ಮಂಚದ ಪಕ್ಕದ ಬುಟ್ಟಿ ತುಂಬಿ, ಬಳಸಿದ ಹತ್ತಿ ನೆಲಕ್ಕೆ ಚೆಲ್ಲಿತ್ತು. ರಕ್ತನಾಳಕ್ಕೆ ಆಹಾರದ ದ್ರಾವಣ ಹರಿಸುವ ನಳಿಕೆ ರೋಗಿಯ ಕುತ್ತಿಗೆಯಲ್ಲಿತ್ತು. ಅದರ ಮೇಲಿನ ಪಟ್ಟಿ ಬೆವರಿಗೆ ನೆನೆದು, ಅಂಚು ಕಪ್ಪಾಗಿ ಸುರುಳಿಗಟ್ಟಿತ್ತು. ಬಿಚ್ಚಿದರೆ ಹುಳಿವಾಸನೆ, ಅಡಿಯಲ್ಲಿ ಕೀವು. ದಿನವೂ ಇದರ ಪಕ್ಕದಲ್ಲೇ ನಿಂತವರೆಲ್ಲ ಹೊಟ್ಟೆಯ ಹೊಲಿಗೆಯನ್ನಷ್ಟೇ ನೋಡಿ ಹೋಗಿದ್ದರು. ಡಾಕ್ಟರಮ್ಮನಿಗೆ ಉಗಿಯಬೇಕೆನ್ನಿಸಿತು.

"ಕಣ್ಣು ಹೇಗಿದೆ ಅಕ್ಕಾ?"

"ಎಡಗಣ್ಣಲ್ಲಿ ನೂಲಿನ ಉಂಡೆ ತೇಲಿದ ಹಾಗಾಗತ್ತೆ. ಹೇಳ್ದೆ, ಸುಸ್ತಿಗೆ ಹಾಗೇ ಅಂದ್ರು."

"ದರ್ಜಿ ಕಣ್ಣಲ್ಲಿ ದಾರ ಅಲ್ದೆ ಇನ್ನೇನು ಕಾಣತ್ತೆ ಅತ್ತಿಗೆ, ಅಂತ ನಾನೂ ತಮಾಷೆ ಮಾಡ್ಬಿಟ್ಟೆ" ಎಂದಳು ಪಕ್ಕದಲ್ಲಿದ್ದ ನಾದಿನಿ, ಸೆರಗು ಹಿಂಡುತ್ತ.

"ಸೂಜಿಗೆ ದಾರ ಪೋಣಿಸೋಷ್ಟಾದ್ರೂ ಕಣ್ಣು ಉಳಿಯತ್ತಾ ಡಾಕ್ಟರಮ್ಮ?" ಎಂದಳು ರೋಗಿ.

ಉತ್ತರಿಸುವ ಮೊದಲೇ ಸರ್ಜನ್ನರು ಬಂದರು. "ನನ್ನ ಪೇಶೆಂಟನ್ನ ಮುಟ್ಟೋಕೆ ನಿಮಗ್ಯಾರು ಹೇಳಿದ್ದು?"

"ಬೇರು ಬಿಟ್ಟು ಎಲೆಗೆ ಔಷಧಿ ಹೊಡೀಬೇಕಾ ಸರ್? ಶಿಲೀಂಧ್ರ ಈ ನಳಿಕೆಗೆ ಅಂಟಿ ಕೂತಿದೆ. ರಕ್ತದ ಜೊತೆ ಕಣ್ಣಿಗೂ ಹೋಗಿರ್ಬೇಕು."

"ಇನ್ನೊಂದು ಲೈನ್ ಹಾಕೋ ಕಷ್ಟ ನಿಮಗೇನು ಗೊತ್ತು?"

"ಲೈನ್ ಇನ್ನೊಂದು ಹಾಕಬಹುದು ಸರ್. ಕಣ್ಣು?"

ಆಕೆಯೇ ಕೈಗವಸು ತೊಟ್ಟು ನಳಿಕೆ ಎಳೆದಳು. ಸರ್ಜನ್ನರು ಮೂಗು ಮುಚ್ಚಿಕೊಂಡು ಹೊರನಡೆದರು. ತಮ್ಮದೇ ವಾರ್ಡಿನ ವಾಸನೆ ಅವರಿಗೆ ತಾಗಿದ್ದು ಆಗಲೇ.

ಅಂದೇ ಕಣ್ಣಿನ ವೈದ್ಯರು ಬಂದು ನೋಡಿದರು. ಬಲಗಣ್ಣಿನೊಳಗೆ ಸಣ್ಣ ಬಿಳಿ ಚುಕ್ಕೆ, ಎಡಗಣ್ಣಿನೊಳಗೆ ಕವಿದ ಬಿಳುಪು. ಕಣ್ಣನ್ನೂ ತಲುಪುವ ಔಷಧವನ್ನು ಡಾಕ್ಟರಮ್ಮ ಆರಿಸಿದಳು. ಎಡಗಣ್ಣಿನೊಳಕ್ಕೇ ಚುಚ್ಚುಮದ್ದು ಕೊಟ್ಟದ್ದಾಯಿತು. ರಕ್ತ ಶುದ್ಧವಾಯಿತು, ಜ್ವರ ಬಿಟ್ಟಿತು. ಬಲಗಣ್ಣು ಉಳಿಯಿತು. ಎಡಗಣ್ಣಿಗೆ ಉಳಿದದ್ದು ಬೆಳಕು ಕತ್ತಲೆಯ ಅರಿವಷ್ಟೇ.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ವಾರ್ಡಿಗೆ ಬಂದಾಗ ಸರ್ಜನ್ನರು ವಿದ್ಯಾರ್ಥಿಗಳಿಗೆ ಹೊಟ್ಟೆ ತೋರಿಸುತ್ತಿದ್ದರು: "ಹೊಲಿಗೆ ನೋಡಿ, ಗೆರೆ ಎಳೆದ ಹಾಗಿದೆ!" ಅಷ್ಟು ಜನರ ನಡುವೆ ಮಲಗಿದ್ದ ದರ್ಜಿ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ದಾರ ಹಿಡಿದು, ನಾದಿನಿ ಹಿಡಿದ ಸೂಜಿಗಾಗಿ ಗಾಳಿಯಲ್ಲಿ ತಡಕುತ್ತಿದ್ದಳು. ಕಣ್ಣಿನಿಂದ ಕೈ ತೆಗೆದು ಮತ್ತೆ ಯತ್ನಿಸಿದಳು. ದಾರ ಸರಿದು ಒಳಹೊಕ್ಕಿತು.

"ಒಂದು ಸಾಕು ಬಿಡಿ ಡಾಕ್ಟರಮ್ಮ" ಎಂದಳು ಮೆಲ್ಲಗೆ.

ಸರ್ಜನ್ನರು ನಗುತ್ತ ಬಂದು ಡಾಕ್ಟರಮ್ಮನ ಕೈ ಕುಲುಕಿದರು. "ಇಬ್ರೂ ಸೇರಿ ಕೇಸ್ ಗೆದ್ವಿ ಅಲ್ವಾ? ಮುಂದಿನ ಸಲ ಫೋನಲ್ಲೇ ಮುಗಿಸೋಣ, ನಿಮಗ್ಯಾಕೆ ಸುಮ್ನೆ ಓಡಾಟ."

ಅಂದು ಆಕೆ ಯಾವ ರೋಗಿಯನ್ನೂ ಇನ್ನೂ ಮುಟ್ಟಿರಲಿಲ್ಲ. ಆದರೂ ಅಲ್ಲಿಯೇ, ಅವರ ಕಣ್ಣೆದುರಿನ ನಲ್ಲಿ ತಿರುಗಿಸಿ, ಸೋಪು ಹಚ್ಚಿ, ಕೈಗಳನ್ನು ಮೊಣಕೈವರೆಗೂ ಉಜ್ಜಿ ಉಜ್ಜಿ ತೊಳೆದುಕೊಂಡಳು.